ಸವಳು ಗದ್ದೆಗೆ ಬಿಪಿಟಿಯೋ, ಗಂಗಾವತಿ ಸೋನಾನೋ? ಬೇರು ಕಿತ್ತು ನೋಡಿದ ಮೇಲೆ

ಉಪ್ಪು ಹಿಡಿದ ನಮ್ಮ ಗದ್ದೆಯಲ್ಲಿ ನೆಲ್ಲಿನ (ಭತ್ತದ) ಎರಡು ತಳಿ ಹಚ್ಚಿದ್ದೆ: ಒಂದು ಮಡಿಗೆ ಬಿಪಿಟಿ 5204, ಇನ್ನೊಂದಕ್ಕೆ ಉಪ್ಪು ತಡ್ಕೊಳ್ಳೋ ಗಂಗಾವತಿ ಸೋನಾ. ನಾಟಿಯಾಗಿ 30 ದಿನಕ್ಕೆ ಎರಡೂ ಮಡಿಯಿಂದ ಒಂದೊಂದು ಬುಡ ಕಿತ್ತೆ. ಬಕೆಟ್ ನೀರಲ್ಲಿ ಮಣ್ಣು ತೊಳೆದು ಬದುವಿನ ಮೇಲೆ ಪಕ್ಕಪಕ್ಕ ಇಟ್ಟೆ. ಬಿಪಿಟಿ 5204ರ ಬೇರು ನಾಲ್ಕು ಬೆರಳು ಉದ್ದ ಇರಲಿಲ್ಲ, ತುದಿ ಕಪ್ಪಾಗಿತ್ತು. ಗಂಗಾವತಿ ಸೋನಾದ್ದು ಗೇಣುದ್ದ. ಬುಡದಲ್ಲಿ ತುಕ್ಕಿನ ಬಣ್ಣ, ನಡುವೆ ಬೆಳ್ಳಗೆ ಹೊಸ ಬೇರು ಬಿಟ್ಟಿತ್ತು. ಒಂದೇ ಗದ್ದೆ, ಒಂದೇ ನೀರು, ಒಂದೇ ಗೊಬ್ಬರ.

ನಮ್ಮದು ಸಿಂಧನೂರು ಕಡೆ ಎರೆ ಹೊಲ, ತುಂಗಭದ್ರಾ ಎಡದಂಡೆ ಕಾಲುವೆ ನೀರು. ವರ್ಷಗಟ್ಟಲೆ ನೆಲ್ಲಿಗೆ ನೀರು ನಿಲ್ಲಿಸಿ ನಿಲ್ಲಿಸಿ ಕೆಳಗಿನ ನೀರು ಮೇಲಕ್ಕೆ ಬಂದಿದೆ. ಬೇಸಿಗೆಯಲ್ಲಿ ಅದು ಆರಿದಾಗ ಹಳ್ಳದ ಕಡೆಯ ತಗ್ಗಿನಲ್ಲಿ ಉಪ್ಪು ಬೆಳ್ಳಗೆ ಕೂತಿರುತ್ತೆ. ಮಣ್ಣು ಪರೀಕ್ಷೆ ಮಾಡಿಸಿದ್ರೆ ಇಸಿ (ಮಣ್ಣಲ್ಲಿ ಉಪ್ಪು ಎಷ್ಟಿದೆ ಅನ್ನೋ ಅಳತೆ) 6, ರಸಸಾರ (ಪಿಎಚ್) 8.2 ಬಂತು. ಪಕ್ಕದ ಹೊಲದ ಕಾಕಾ ಜಿಪ್ಸಂ ಹಾಕು ಅಂದ್ರು. ಆದ್ರೆ ಅದು ರಸಸಾರ 8.5 ದಾಟಿದ ಕ್ಷಾರ ಮಣ್ಣಿಗೆ ಬೇಕಾದದ್ದು. ನಮ್ಮದರಲ್ಲಿ ಇದ್ದದ್ದು ಬರೀ ಉಪ್ಪು, ಅದನ್ನ ನೀರಲ್ಲಿ ತೊಳೆದು ಹೊರಗೆ ಬಿಡಬೇಕು, ಅಷ್ಟೇ. ಇಸಿ 3 ದಾಟಿದ ಮೇಲೆ ಒಂದೊಂದು ಅಂಕಿ ಏರಿದಂತೆ ನೆಲ್ಲಿನ ಇಳುವರಿ ಸುಮಾರು ನೂರಕ್ಕೆ 12ರಷ್ಟು ಇಳಿಯುತ್ತೆ ಅನ್ನೋದು ಹಳೇ ಲೆಕ್ಕ. 6ಕ್ಕೆ ಎಷ್ಟಾಗುತ್ತೆ ನೀವೇ ನೋಡಿ.

ಬೇರು ಏನು ಮಾಡುತ್ತೆ ಅಂದ್ರೆ, ಒಳಗೆ ನೀರು ಹೋಗುವ ದಾರಿಯ ಸುತ್ತ ಮೇಣದಂಥ ಒಂದು ಪಟ್ಟಿ ಕಟ್ಟಿಕೊಳ್ಳುತ್ತೆ. ಉಪ್ಪು ತಾಗಿದಾಗ ಆ ಪಟ್ಟಿ ಇನ್ನೂ ದಪ್ಪ ಆಗುತ್ತೆ, ಬೇರಿನ ತುದಿಗೆ ಇನ್ನೂ ಹತ್ತಿರ ಬರುತ್ತೆ. ಉಪ್ಪು ನುಗ್ಗೋದು ಈ ಪಟ್ಟಿ ಇನ್ನೂ ಕಟ್ಟದ ಎಳೇ ತುದಿಯಲ್ಲಿ, ಮತ್ತೆ ಪಕ್ಕದ ಬೇರು ಒಡೆದು ಬರುವ ಜಾಗದಲ್ಲಿ. ಅಲ್ಲಿಂದಲೂ ಸ್ವಲ್ಪ ಸೋಡಿಯಂ ನುಸುಳಿತು ಅನ್ನಿ, ಉಪ್ಪು ತಡೆಯುವ ತಳಿಗಳು ಅದನ್ನ ಎಲೆಗೆ ಏರುವ ಮೊದಲೇ ನೀರಿನ ಕೊಳವೆಯಿಂದ ಹೊರಗೆಳೆದು ಬೇರಲ್ಲೇ ಹಿಡಿದಿಡುತ್ತವೆ. ಈ ಕೆಲಸ ಮಾಡುವ ಜೀನನ್ನು 2005ರಲ್ಲಿ ಬಂಗಾಳದ ನೋನಾ ಬೋಕ್ರಾ ಅನ್ನೋ ಹಳೇ ತಳಿಯಲ್ಲಿ ಗುರುತಿಸಿದರು. ಕೇರಳದ ಪೊಕ್ಕಾಲಿಯೂ ಇದೇ ಸಾಲಿನದು. ಎತ್ತರಕ್ಕೆ ಬೇಗ ಬೆಳೆದು, ಒಳಗೆ ಬಂದ ಉಪ್ಪನ್ನು ಮೈತುಂಬ ಹಂಚಿ ತೆಳು ಮಾಡಿಕೊಳ್ಳುತ್ತೆ.

ಇದನ್ನ ಓದಿದ್ದಕ್ಕೇ ನಾನು ಮೂರನೇ ಮಡಿಯೊಂದನ್ನು ಇಟ್ಟೆ: ಬಿಪಿಟಿಯೇ, ಆದ್ರೆ 25 ದಿನದ ಬದಲು 35 ದಿನದ ಅಗಿ (ನಾಟಿ ಸಸಿ), ಒಂದು ಗುಣಿಗೆ 3-4 ಸಸಿ. ಅಗಿ ಬಲಿತಷ್ಟೂ ಉಪ್ಪು ತಡ್ಕೊಳ್ಳುತ್ತೆ ಅಂತ. ನಾಟಿಗೆ ಬಂದ ಅಕ್ಕ ಒಬ್ಬರು, ‘ಅಣ್ಣಾರ, ಅಗಿ ಬಲ್ತೈತಿ, ಮರಿ ಒಡೆಯಂಗಿಲ್ಲ ನೋಡ್ರಿ’ ಅಂದ್ರು. ಅವರ ಮಾತು ನಿಜ, ಮರಿ, ಅಂದ್ರೆ ಬುಡದಿಂದ ಒಡೆಯುವ ಕವಲು, ಕಡಿಮೆಯೇ ಬಂತು. ಆದ್ರೆ ಎಲೆ ತುದಿ ಸುಡಲಿಲ್ಲ. ಅಗಿ ಮಡಿಯನ್ನ ಮೇಲಿನ ಸಿಹಿ ಮಣ್ಣಿನಲ್ಲೇ ಮಾಡಿ, ನೀರು ನಿಲ್ಲಿಸಿ ಮೆಲ್ಲಗೆ ಕೀಳಿಸಿದ್ದೆ. ಬೇರು ಹರಿದ ಕಡೆಯಿಂದ ಉಪ್ಪು ನೇರ ಏರುತ್ತೆ, ಅದಕ್ಕೇ.

ಕೊಯ್ಲಾದಾಗ ಎಕರೆ ಲೆಕ್ಕಕ್ಕೆ, 75 ಕಿಲೋ ಚೀಲದಲ್ಲಿ: ಎಳೇ ಅಗಿಯ ಬಿಪಿಟಿ 21, ಬಲಿತ ಅಗಿಯ ಬಿಪಿಟಿ 25, ಗಂಗಾವತಿ ಸೋನಾ 29. ಮಾರಿದ್ದು ಬಿಪಿಟಿಗೆ ಕ್ವಿಂಟಲ್‌ಗೆ 2400, ಗಂಗಾವತಿ ಸೋನಾಗೆ 2200. ದುಡ್ಡಲ್ಲಿ ನೋಡಿದ್ರೆ 37,800, 45,000, 47,850. ಬಲಿತ ಅಗಿಯ ಬಿಪಿಟಿಗೂ ಗಂಗಾವತಿ ಸೋನಾಗೂ ಚೀಲದಲ್ಲಿ ಕಂಡ ಅಂತರ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಕರಗಿತು, ಅಲ್ವಾ? ಬರೀ ತಳಿ ನೋಡಿ ತೀರ್ಮಾನ ಮಾಡಬೇಡಿ ಅಂತ ನಾನು ಹೇಳೋದು ಇದಕ್ಕೇ. ಅಗಿಯ ವಯಸ್ಸು ಅರ್ಧ ಕೆಲಸ ಮಾಡಿತು, ಅದಕ್ಕೆ ಜಾಸ್ತಿ ಖರ್ಚೂ ಇಲ್ಲ.

ಆದ್ರೆ ಉಪ್ಪು ಬೆಳ್ಳಗೆ ಕೂರುವ ಆ ಮೂಲೆಯಲ್ಲಿ ಮಾತ್ರ ಕತೆ ಬೇರೆ. ಅಲ್ಲಿ ಬಿಪಿಟಿ, ಎಳೇ ಅಗಿಯಾಗಲಿ ಬಲಿತದ್ದಾಗಲಿ, ತೆನೆ ಹೊರಗೆ ಬರುವಾಗಲೇ ಸೋತಿತು. ಹಿಡಿಯಲ್ಲಿ ಉಜ್ಜಿದ್ರೆ ಬರೀ ಜೊಳ್ಳು. ನೆಲ್ಲು ಮೊಳಕೆಯಲ್ಲಿ, ಮರಿ ಒಡೆಯುವಾಗ ಉಪ್ಪು ತಡ್ಕೊಳ್ಳುತ್ತೆ, ಆದ್ರೆ ಎಳೇ ಸಸಿಯಾಗಿದ್ದಾಗ ಮತ್ತೆ ತೆನೆ ಕಟ್ಟಿ ಹೂ ಬಿಡುವಾಗ ಆಗಲ್ಲ. ಆ ಹೊತ್ತಿಗೆ ಕಾಲುವೆಯಲ್ಲಿ ನೀರು ತಡವಾಯ್ತು ಅಂದ್ರೆ ಉಪ್ಪು ಗಟ್ಟಿಯಾಗುತ್ತೆ. ನಮಗಾದದ್ದೂ ಅದೇ. ಆ ಮೂಲೆಯಲ್ಲಿ ಕಾಳು ಕಟ್ಟಿದ್ದು ಗಂಗಾವತಿ ಸೋನಾ ಒಂದೇ.

ಈ ಮುಂಗಾರಿಗೆ ಮೂಲೆಗೂ ಅದರ ಸುತ್ತಲಿನ ಎರಡು ಮಡಿಗೂ ಗಂಗಾವತಿ ಸೋನಾ, ಉಳಿದದ್ದಕ್ಕೆ 35 ದಿನದ ಬಿಪಿಟಿ. ಬೇರು ಎಷ್ಟೇ ಗಟ್ಟಿ ಇದ್ರೂ ಉಪ್ಪು ನೀರು ಹೊಲದಿಂದ ಹೊರಗೆ ಹೋಗಲೇಬೇಕು. ಕಾಕಾನೂ ನಾನೂ ಸೇರಿ ಹೂಳು ತುಂಬಿದ ಬಸಿಗಾಲುವೆ ತೆಗೆಸ್ತಾ ಇದ್ದೀವಿ. ಹಳ್ಳದವರೆಗೆ ಇನ್ನೂ ಅರ್ಧ ದಾರಿ ಬಾಕಿ ಇದೆ.