ಐದನೇ ತರಗತಿಯ ಆಚೆಗೆ: ಬೆಂಗಳೂರಿನಿಂದ ನಾವು ಅರ್ಜಿ ಹಾಕಿ ನೋಡಿದ ನಾಲ್ಕು ಸರ್ಕಾರಿ ದಾರಿಗಳು

ನನ್ನ ಮಗಳು ಓದುತ್ತಿದ್ದದ್ದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಇರುವುದೇ ಐದನೇ ತರಗತಿಯವರೆಗೆ. ಆದ್ದರಿಂದ 2025–26ನೇ ಸಾಲಿಗೆ ಆರನೇ ತರಗತಿಯನ್ನು ಬೇರೆಡೆ ಹುಡುಕುವುದು ನಮಗೆ ಅನಿವಾರ್ಯವಾಗಿತ್ತು. ಖಾಸಗಿ ಶಾಲೆಯ ಶುಲ್ಕ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಜವಾಹರ್ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕೇಂದ್ರೀಯ ವಿದ್ಯಾಲಯ ಮತ್ತು ಮನೆಯಿಂದ ಎರಡೂವರೆ ಕಿಲೋಮೀಟರ್ ದೂರದ ಕರ್ನಾಟಕ ಪಬ್ಲಿಕ್ ಶಾಲೆ, ಈ ನಾಲ್ಕೂ ಕಡೆ ಪ್ರಯತ್ನಿಸಿದೆವು. ಮೊದಲಿಗೆ ಫಲಿತಾಂಶ, ಕಟ್ಟಡ, ಶಿಕ್ಷಕರು ಎಂದು ಪಟ್ಟಿ ಮಾಡಿಕೊಂಡು ಹೊರಟಿದ್ದ ನನಗೆ, ಒಂಬತ್ತು ತಿಂಗಳ ಓಡಾಟದ ನಂತರ ಆ ಪಟ್ಟಿಯೇ ಉಪಯೋಗಕ್ಕೆ ಬಾರದ್ದೆನಿಸಿತು. ಒಳಗೆ ಏನಿದೆ ಎಂಬುದಕ್ಕಿಂತ ಮೊದಲು, ಒಳಗೆ ಬಿಡಲು ಯಾವ ಶಾಲೆ ಏನನ್ನು ಕೇಳುತ್ತದೆ ಎಂಬುದರಲ್ಲೇ ಈ ನಾಲ್ಕರ ನಿಜವಾದ ವ್ಯತ್ಯಾಸವಿದೆ. ಒಂದು ಮಗು ಎಲ್ಲಿ ಓದಿದೆ ಎಂದು ಕೇಳುತ್ತದೆ, ಇನ್ನೊಂದು ಮನೆಯ ಜಾತಿ ಮತ್ತು ಆದಾಯವನ್ನು ಕೇಳುತ್ತದೆ, ಮೂರನೆಯದು ತಂದೆ ತಾಯಿಯ ನೌಕರಿಯನ್ನು ಕೇಳುತ್ತದೆ. ನಾಲ್ಕನೆಯದು ವರ್ಗಾವಣೆ ಪತ್ರವನ್ನಷ್ಟೇ ಕೇಳಿತು.

ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಅರ್ಜಿಯೇ ಎಲ್ಲಕ್ಕಿಂತ ಮೊದಲು ಬರುತ್ತದೆ. ನಮ್ಮ ವರ್ಷದಲ್ಲಿ 2024ರ ಸೆಪ್ಟೆಂಬರ್‌ವರೆಗೆ ಅವಕಾಶವಿತ್ತು. ಅಂದರೆ ಮಗು ಐದನೇ ತರಗತಿಯ ಮೊದಲಾರ್ಧದಲ್ಲಿರುವಾಗಲೇ ತೀರ್ಮಾನ ಮಾಡಬೇಕು. ದಸರಾ ರಜೆಯಲ್ಲಿ ಯೋಚಿಸೋಣ ಎಂದುಕೊಂಡವರಿಗೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಇಲ್ಲಿಯ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಮಗು ಆ ನವೋದಯ ಇರುವ ಜಿಲ್ಲೆಯಲ್ಲೇ ವಾಸವಿದ್ದು ಅಲ್ಲೇ ಐದನೇ ತರಗತಿ ಓದುತ್ತಿರಬೇಕು, ಮತ್ತು ನಮ್ಮ ಸಾಲಿನವರು 2013ರ ಮೇ 1 ಹಾಗೂ 2015ರ ಜುಲೈ 31ರ ನಡುವೆ ಹುಟ್ಟಿರಬೇಕಿತ್ತು. ಅರ್ಜಿಗೆ ಶುಲ್ಕವಿಲ್ಲ. ಮುಖ್ಯ ಶಿಕ್ಷಕರು ಸಹಿ ಮಾಡಿದ ನಿಗದಿತ ನಮೂನೆಯ ಪ್ರಮಾಣಪತ್ರ, ಮಗುವಿನ ಫೋಟೊ, ಮಗು ಮತ್ತು ಪೋಷಕರ ಸಹಿ, ಇಷ್ಟನ್ನು ಸ್ಕ್ಯಾನ್ ಮಾಡಿ ಏರಿಸಿದರೆ ಮುಗಿಯಿತು.

ಮುಗಿಯಿತೆಂದೇ ನಾನೂ ತಿಳಿದಿದ್ದೆ. ಆದರೆ ಸೈಬರ್ ಸೆಂಟರಿನ ಹುಡುಗ ನಮ್ಮನ್ನು ಕೇಳದೆಯೇ ‘ಗ್ರಾಮೀಣ’ ಎಂದು ಗುರುತು ಹಾಕಿದ್ದ. ಮನೆಗೆ ಬಂದು ಮುದ್ರಿತ ಪ್ರತಿಯನ್ನು ಓದುವಾಗ ಅದು ಕಣ್ಣಿಗೆ ಬಿತ್ತು. ಮರುದಿನ ಹೋಗಿ ಕೇಳಿದರೆ, ‘ಹಾಗೇ ಇರಲಿ ಬಿಡಿ ಮೇಡಂ, ಸೀಟು ಸಿಗೋದು ಅದರಲ್ಲೇ’ ಎಂದ. ಅವನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಒಂದೊಂದು ನವೋದಯದಲ್ಲಿ ಆರನೇ ತರಗತಿಗೆ ಗರಿಷ್ಠ 80 ಸೀಟುಗಳಿದ್ದು, ಅವುಗಳಲ್ಲಿ ಕನಿಷ್ಠ ಶೇ. 75ರಷ್ಟು, ಎಂದರೆ 60, ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲು. ಉಳಿದ 20 ಸೀಟುಗಳೂ ನಗರದ ಮಕ್ಕಳಿಗೆಂದೇ ಇಟ್ಟವಲ್ಲ. ಅಂಕಗಳ ಆಧಾರದ ಮೇಲೆ ಹಳ್ಳಿಯ ಮಗುವೂ ಅವುಗಳನ್ನು ಪಡೆಯಬಹುದು. ಗ್ರಾಮೀಣ ಅಭ್ಯರ್ಥಿ ಎನಿಸಿಕೊಳ್ಳಲು ಮೂರು, ನಾಲ್ಕು ಮತ್ತು ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು, ಆ ಅವಧಿಯಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿಯೇ ಆಗುತ್ತದೆ. ಸುಳ್ಳು ಗುರುತಿನಿಂದ ಆಯ್ಕೆಯಾದರೂ ದಾಖಲೆ ಪರಿಶೀಲನೆಯ ದಿನ ಎಲ್ಲವೂ ಬಿದ್ದುಹೋಗುತ್ತದೆ. ಅದೃಷ್ಟಕ್ಕೆ, ಕೊನೆಯ ದಿನಾಂಕದ ನಂತರ ತಿದ್ದುಪಡಿಗೆ ಕೊಡುವ ಕೆಲವೇ ದಿನಗಳಲ್ಲಿ ಬದಲಿಸಬಹುದಾದ ಬೆರಳೆಣಿಕೆಯ ಅಂಶಗಳಲ್ಲಿ ಗ್ರಾಮೀಣ–ನಗರ ಗುರುತೂ ಒಂದು. ನಾವು ಅದನ್ನು ತಿದ್ದಿಸಿದೆವು. ಹಾಗೆ ತಿದ್ದಿಸಿದ ಕ್ಷಣವೇ ಮಗಳ ಅವಕಾಶ ಎಷ್ಟು ಕಿರಿದಾಯಿತೆಂಬುದು ಗೊತ್ತಿದ್ದೂ ತಿದ್ದಿಸಿದೆವು.

ಪರೀಕ್ಷೆ 2025ರ ಜನವರಿ 18ರಂದು ನಡೆಯಿತು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆಗಳು, ಅಂಕಗಣಿತಕ್ಕೆ 20, ಭಾಷೆಗೆ 20. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಕನ್ನಡದಲ್ಲೇ ಬರೆಯಬಹುದು. ಮಾನಸಿಕ ಸಾಮರ್ಥ್ಯದ ಭಾಗದಲ್ಲಿ ಅಕ್ಷರವೇ ಇಲ್ಲ, ಎಲ್ಲವೂ ಚಿತ್ರಗಳು: ಗುಂಪಿಗೆ ಸೇರದ ಆಕೃತಿ, ಕನ್ನಡಿಯ ಪ್ರತಿಬಿಂಬ, ಮಡಿಸಿ ತೂತು ಮಾಡಿದ ಕಾಗದವನ್ನು ಬಿಡಿಸಿದಾಗ ಕಾಣುವ ರೂಪ. ಅರ್ಧದಷ್ಟು ಅಂಕಗಳು ಇಲ್ಲೇ ಇವೆ. ಮನೆಯಲ್ಲಿ ಹಳೆಯ ಪತ್ರಿಕೆಗಳನ್ನು ಕತ್ತರಿಸಿ, ಮಡಿಸಿ, ಪಿನ್ನಿನಿಂದ ತೂತು ಮಾಡಿ ಅಭ್ಯಾಸ ಮಾಡಿಸಿದೆ. ಮಗಳಿಗೆ ಇಡೀ ಪ್ರಕ್ರಿಯೆಯಲ್ಲಿ ಸಂತೋಷ ಕೊಟ್ಟದ್ದು ಬಹುಶಃ ಇದೊಂದೇ. ನನ್ನ ತಂಗಿಯ ಮಗಳು ತುಮಕೂರು ಜಿಲ್ಲೆಯ ಹಳ್ಳಿಯಿಂದ ಅದೇ ದಿನ ಅದೇ ಪರೀಕ್ಷೆ ಬರೆದಳು. ಇಬ್ಬರೂ ಸಂಜೆ ಫೋನಿನಲ್ಲಿ ಉತ್ತರಗಳನ್ನು ಹೋಲಿಸಿಕೊಂಡಾಗ ಹೆಚ್ಚು ಕಡಿಮೆ ಸಮಾನವಾಗಿಯೇ ಮಾಡಿದ್ದರು. ಅವಳು ಆಯ್ಕೆಯಾದಳು, ಇವಳು ಆಗಲಿಲ್ಲ. ಇದನ್ನು ಅನ್ಯಾಯವೆಂದು ನಾನು ಹೇಳಲಾರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿನಲ್ಲಿ ಈ ಶಾಲೆಗಳು ರೂಪುಗೊಂಡದ್ದೇ ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿ, ಮತ್ತು ಟ್ಯೂಷನ್ ಎಂಬ ಮಾತನ್ನೇ ಕೇಳದ ಊರಿನ ಹುಡುಗಿಗೆ ಆ ಸೀಟು ಸಿಕ್ಕದ್ದರಲ್ಲಿ ಶಾಲೆಯ ಉದ್ದೇಶ ಈಡೇರಿದೆ. ಬೆಂಗಳೂರು ನಗರ ಜಿಲ್ಲೆಗೂ ಬಾಗಲೂರಿನಲ್ಲಿ ನವೋದಯವಿದೆ ಎಂಬ ಕಾರಣಕ್ಕೆ ಅದು ನಗರದ ಮಕ್ಕಳ ಶಾಲೆ ಎಂದು ನಾನು ತಿಳಿದದ್ದು ನನ್ನ ತಪ್ಪು.

ಮೊರಾರ್ಜಿ ದೇಸಾಯಿ ಶಾಲೆಗಳು ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಅಡಿಯಲ್ಲಿವೆ. ಹೆಣ್ಣುಮಕ್ಕಳಿಗೆಂದೇ ಇರುವ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ ಇದೇ ಸಂಘದವು. ಎಲ್ಲಕ್ಕೂ ಒಂದೇ ಪ್ರವೇಶ ಪರೀಕ್ಷೆಯಿದ್ದು, ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನವೋದಯದ ಪರೀಕ್ಷೆ ಬುದ್ಧಿಯ ಚುರುಕನ್ನು ನೋಡಿದರೆ, ಇಲ್ಲಿಯದು ಬಹುಮಟ್ಟಿಗೆ ಶಾಲೆಯ ಪಠ್ಯವನ್ನೇ ಆಧರಿಸಿದೆ. ಆದ್ದರಿಂದ ತರಗತಿಯಲ್ಲಿ ಗಮನವಿಟ್ಟು ಕೂತ ಮಗುವಿಗೆ ಇದು ಸುಲಭ. ಅರ್ಜಿಯೇ ಕಷ್ಟ. ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ರಾಜ್ಯದ ಶಾಲೆಗಳ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಗುರುತಿನ ಸಂಖ್ಯೆ) ಹಾಕಿದ ಕೂಡಲೇ ಶಾಲೆಯ ದಾಖಲೆಯಲ್ಲಿರುವ ವಿವರಗಳು ತೆರೆದುಕೊಳ್ಳುತ್ತವೆ. ಆ ದಾಖಲೆಯಲ್ಲಿ ಮಗಳ ಹೆಸರಿನ ಇನಿಷಿಯಲ್ ಜಾತಿ ಪ್ರಮಾಣಪತ್ರದಲ್ಲಿದ್ದುದಕ್ಕಿಂತ ಬೇರೆಯಾಗಿತ್ತು, ಆಧಾರ್‌ನಲ್ಲಿ ಮೂರನೆಯದೇ ಒಂದು ರೂಪವಿತ್ತು. ಇದನ್ನು ಸರಿಪಡಿಸಲು ಮುಖ್ಯ ಶಿಕ್ಷಕಿಯ ಬಳಿಗೆ ಎರಡು ಬಾರಿ, ನಾಡಕಚೇರಿಗೆ ಮೂರು ಬಾರಿ ಹೋಗಬೇಕಾಯಿತು. ಕೂಲಿ ಕಳೆದುಕೊಂಡು ಹೋಗುವವರಿಗೆ ಈ ಉಚಿತ ಅರ್ಜಿ ಉಚಿತವಲ್ಲ. ಇನ್ನೊಂದು ಸೂಕ್ಷ್ಮವನ್ನೂ ಹಿಂದುಳಿದ ವರ್ಗದವರು ಗಮನಿಸಬೇಕು. ನವೋದಯದಂಥ ಕೇಂದ್ರದ ಶಾಲೆಗೆ ಕೇಂದ್ರ ಪಟ್ಟಿಯ ಪ್ರಕಾರದ ಪ್ರಮಾಣಪತ್ರ ಬೇಕು, ರಾಜ್ಯದ ವಸತಿ ಶಾಲೆಗೆ ರಾಜ್ಯದ ಪ್ರವರ್ಗವನ್ನು ನಮೂದಿಸಿದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಎರಡೂ ಬೇರೆ ಬೇರೆ ಕಾಗದಗಳು, ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಆದಾಯ ಮಿತಿಯೂ ಪ್ರವರ್ಗದಿಂದ ಪ್ರವರ್ಗಕ್ಕೆ ಬೇರೆಯಿರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಓದಬೇಕು. ನೆರೆಯವರ ನೆನಪನ್ನು ನಂಬಿ ಹೋಗಬಾರದು.

ಇಲ್ಲಿ ಶಾಲೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕಾಗುತ್ತದೆ. ಮೊದಲ ಸುತ್ತಿನ ಪಟ್ಟಿಯಲ್ಲಿ ಮಗಳ ಹೆಸರಿರಲಿಲ್ಲ. ಎರಡನೆಯದರಲ್ಲಿ ನಾವು ಕೊನೆಯದಾಗಿ, ಸ್ವಲ್ಪ ಉಡಾಫೆಯಿಂದಲೇ ಬರೆದಿದ್ದ ದೂರದ ಶಾಲೆಯೊಂದು ಸಿಕ್ಕಿತು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತವಾಗಿರುವ ಸೀಟು ಕೈಯಲ್ಲಿರುವಾಗ ಹಗುರವಾಗಿ ಮಾತನಾಡಬಾರದು. ನಾವು ಒಂದು ಭಾನುವಾರ ಹೋಗಿ ನೋಡಿದೆವು. ಅಂಗಳ ದೊಡ್ಡದಿತ್ತು, ಅಡುಗೆಮನೆ ಚೊಕ್ಕಟವಾಗಿತ್ತು, ಹಿರಿಯ ಹುಡುಗಿಯರು ತಾವೇ ತಾವಾಗಿ ಓದುತ್ತ ಕೂತಿದ್ದರು. ಆದರೆ ಕನ್ನಡ ಮಾಧ್ಯಮದಿಂದ ಬಂದ ಮಗು ಆರನೆಯದರಲ್ಲಿ ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಬೀಳುತ್ತದೆ, ಅದೂ ಮನೆ ಬಿಟ್ಟಿರುವ ಮೊದಲ ವರ್ಷದಲ್ಲೇ. ಆ ಎರಡು ಹೊರೆಗಳನ್ನು ಒಟ್ಟಿಗೆ ಹೊರಿಸಲು ನನಗೆ ಧೈರ್ಯ ಬರಲಿಲ್ಲ. ನವೋದಯ ಈ ವಿಷಯದಲ್ಲಿ ಜಾಣತನ ತೋರಿದೆ: ಆರಂಭದ ತರಗತಿಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಕಲಿಸಿ, ನಂತರ ಗಣಿತ ಮತ್ತು ವಿಜ್ಞಾನವನ್ನು ಇಂಗ್ಲಿಷಿಗೆ ಒಯ್ಯುತ್ತದೆ.

ಕೇಂದ್ರೀಯ ವಿದ್ಯಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ನಮ್ಮ ಪ್ರಯತ್ನ ಹತ್ತು ನಿಮಿಷದಲ್ಲಿ ಮುಗಿಯಿತು. ಒಂದನೇ ತರಗತಿಯನ್ನು ಬಿಟ್ಟರೆ ಉಳಿದ ತರಗತಿಗಳಿಗೆ ಅಲ್ಲಿ ಖಾಲಿ ಸೀಟು ಇದ್ದರೆ ಮಾತ್ರ ಏಪ್ರಿಲ್‌ನಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ. ಎಂಟನೆಯದರವರೆಗೆ ಪ್ರವೇಶ ಪರೀಕ್ಷೆ ಇಲ್ಲ. ಆದ್ಯತೆಯ ಪಟ್ಟಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಂದ ಶುರುವಾಗುವ ಆ ಪಟ್ಟಿಯಲ್ಲಿ ಖಾಸಗಿ ಮುದ್ರಣಾಲಯದಲ್ಲಿ ದುಡಿಯುವ ನನ್ನ ಗಂಡನಂಥವರು ಐದನೆಯ, ಎಂದರೆ ಕೊನೆಯ ವರ್ಗದವರು. ಸಂಸದರ ಪತ್ರ ತಂದರೆ ಆಗುತ್ತದೆ ಎಂದು ಸಂಬಂಧಿಕರೊಬ್ಬರು ಹೇಳುತ್ತಲೇ ಇದ್ದರು. ಆ ಕೋಟಾ 2022ರಲ್ಲೇ ರದ್ದಾಗಿದೆ. ಸೀಟು ಸಿಕ್ಕಿದ್ದರೂ ಮಗಳು ಇಂಗ್ಲಿಷ್, ಹಿಂದಿ, ಸಂಸ್ಕೃತ ಮೂರನ್ನೂ ಒಮ್ಮೆಗೇ ಎದುರಿಸಬೇಕಿತ್ತು. ವಿದ್ಯಾಲಯ ವಿಕಾಸ ನಿಧಿಯೆಂದು ತಿಂಗಳಿಗೆ 500 ರೂಪಾಯಿ ಕಟ್ಟಬೇಕು. ಖಾಸಗಿ ಶಾಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಊರಿಂದೂರಿಗೆ ವರ್ಗವಾಗುವ ನೌಕರರಿಗಾಗಿ ಕಟ್ಟಿದ ವ್ಯವಸ್ಥೆ ಅದು, ಅವರಿಗೆ ಅದು ಉತ್ತಮ ಆಯ್ಕೆಯೇ. ನೌಕರಿ ಖಾಸಗಿಯದಾಗಿದ್ದರೆ, ಆರನೇ ತರಗತಿಯ ಮಟ್ಟಿಗೆ ಅದರ ಮೇಲೆ ಆಸೆ ಇಟ್ಟುಕೊಂಡು ಉಳಿದ ಅರ್ಜಿಗಳನ್ನು ಬಿಡಬಾರದು.

ಕರ್ನಾಟಕ ಪಬ್ಲಿಕ್ ಶಾಲೆಗೆ ನಾವು ಹೋದದ್ದು ಎಲ್ಲಕ್ಕಿಂತ ಕೊನೆಯಲ್ಲಿ, ಮೇ ಕಡೆಯ ವಾರದಲ್ಲಿ. ಹಾಗೆ ಕೊನೆಗೆ ಉಳಿಸಿಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ. 2018–19ರಲ್ಲಿ ಆರಂಭವಾದ ಈ ಶಾಲೆಗಳಲ್ಲಿ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಓದಬಹುದು. ಸಾಮಾನ್ಯ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಿದ್ದರೆ ಏಳು ಅಥವಾ ಎಂಟನೆಯದರ ನಂತರ ಮತ್ತೆ ಇದೇ ಅಲೆದಾಟ ಶುರುವಾಗುತ್ತಿತ್ತು. ವರ್ಗಾವಣೆ ಪತ್ರ ನಮ್ಮ ಕೈಗೆ ಇನ್ನೂ ಬಂದಿರಲಿಲ್ಲ. ‘ಟಿ.ಸಿ. ಆಮೇಲೆ ತನ್ನಿ, ಮಗು ನಾಳೆಯಿಂದ ಬರಲಿ’ ಎಂದರು ಅಲ್ಲಿಯ ಉಪಪ್ರಾಂಶುಪಾಲರು. ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆದರೂ ಕಚೇರಿಯೊಂದರಲ್ಲಿ ಕುಳಿತು ಆ ಮಾತನ್ನು ಕೇಳುವುದು ಒಂಬತ್ತು ತಿಂಗಳಲ್ಲಿ ಅದೇ ಮೊದಲು. ಅರ್ಧ ಗಂಟೆಯಲ್ಲಿ ಪ್ರವೇಶವಾಯಿತು.

ಕೊರತೆಗಳನ್ನೂ ಹೇಳಬೇಕು. ವಿಜ್ಞಾನಕ್ಕೆ ಕಾಯಂ ಶಿಕ್ಷಕರಿಲ್ಲದೆ ಅತಿಥಿ ಶಿಕ್ಷಕರು ಬರುವವರೆಗೆ ಸುಮಾರು ಒಂದೂವರೆ ತಿಂಗಳು ಪಾಠವೇ ಆಗಲಿಲ್ಲ. ಶೌಚಾಲಯಕ್ಕೆ ನೀರು ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮದ ವಿಭಾಗಗಳೆರಡೂ ಇದ್ದು, ಯಾವುದಕ್ಕೆ ಹಾಕಬೇಕೆಂಬ ನಿರ್ಧಾರವನ್ನು ನಮಗೇ ಬಿಟ್ಟರು. ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ 2019–20ರಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಆರಂಭವಾದಾಗ ಸೇರಿದ ಮಕ್ಕಳು ಮಗಳಿಗಿಂತ ಒಂದು ವರ್ಷ ಮುಂದಿದ್ದಾರಷ್ಟೇ, ಆದ್ದರಿಂದ ಇಂಗ್ಲಿಷ್ ವಿಭಾಗಕ್ಕೆ ಹಾಕಿದ್ದರೆ ಅವಳ ಸಹಪಾಠಿಗಳಾಗುತ್ತಿದ್ದವರು ಇಂಗ್ಲಿಷಿನಲ್ಲಿ ಐದು ವರ್ಷ ಓದಿ ಬಂದವರು. ನಾವು ಕನ್ನಡ ವಿಭಾಗವನ್ನೇ ಆರಿಸಿಕೊಂಡೆವು. ಸಂಜೆ ಒಂದು ಗಂಟೆ ಇಂಗ್ಲಿಷ್ ಓದಿಸುವ ಕೆಲಸ ನನ್ನದಾಯಿತು. ಸಂಜೆ ಮನೆಯಲ್ಲಿ ಇರುವವರಿಲ್ಲದ, ಇದ್ದರೂ ಓದಿಸಲಾಗದ ಮನೆಯಾಗಿದ್ದರೆ ನಾನು ಹಿಂದೆ ಮುಂದೆ ನೋಡದೆ ಮೊರಾರ್ಜಿಯ ಆ ದೂರದ ಸೀಟನ್ನೇ ಹಿಡಿಯುತ್ತಿದ್ದೆ. ಈ ಒಂದು ಸಂಗತಿಯನ್ನು ಬಿಟ್ಟರೆ ಎರಡರ ನಡುವೆ ಆಯ್ಕೆ ಮಾಡಲು ನನಗೆ ಬೇರೆ ಅಳತೆ ಸಿಗಲಿಲ್ಲ.

ಮಗ ಈ ಜೂನ್‌ಗೆ ಮೂರನೇ ತರಗತಿಗೆ ಬರುತ್ತಾನೆ. ‘ಅಕ್ಕಾ, ಅವನನ್ನ ಈಗಲೇ ಇಲ್ಲಿಗೆ ಕಳಿಸು, ಮೂರು ವರ್ಷ ನಮ್ಮೂರ ಶಾಲೇಲಿ ಓದಲಿ’ ಎಂದು ತಂಗಿ ಹೇಳಿದ್ದಾಳೆ. ಲೆಕ್ಕ ಸರಿಯಾಗಿಯೇ ಇದೆ. ಮೂರು, ನಾಲ್ಕು, ಐದು ಅಲ್ಲೇ ಮುಗಿಸಿದರೆ ಅವನೂ ಆ 60 ಸೀಟುಗಳ ಸಾಲಿನಲ್ಲಿ ನಿಲ್ಲುತ್ತಾನೆ. ಎಂಟು ವರ್ಷದ ಮಗುವನ್ನು ಒಂದು ಪರೀಕ್ಷೆಯ ನಿಯಮಕ್ಕಾಗಿ ಮೂರು ವರ್ಷ ಮನೆಯಿಂದ ದೂರವಿಡಲಾರೆನೆಂದು ಅವಳಿಗೆ ಹೇಳಿದೆ. ಅವನ ಹೆಸರು ಮಾತ್ರ ಆಧಾರ್, ಸ್ಯಾಟ್ಸ್ ಮತ್ತು ಜಾತಿ ಪ್ರಮಾಣಪತ್ರ ಮೂರರಲ್ಲೂ ಒಂದೇ ರೀತಿ ಇರುವಂತೆ ಕಳೆದ ವಾರ ತಿದ್ದಿಸಿ ಬಂದಿದ್ದೇನೆ.