ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದರೆ ಮೊದಲು ಟ್ಯಾಂಕ್ ನೋಡಿಸಿ

ವಾಸ್ಕೋ, ಫೋಂಡಾ ಕಡೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಹಳೆ ಕಾರಲ್ಲಿ ಓಡಾಡುವ ನಮ್ಮವರಿಗೆ ಈ ಮಾತು. ಮುಳ್ಳು ತಪ್ಪು ತೋರಿಸುತ್ತಿದೆ ಅಂದಾಗ ಗ್ಯಾರೇಜಿನವರು "ಮೀಟರ್ ಹೋಗಿದೆ, ಹೊಸದು ಹಾಕೋಣ" ಅಂದರೆ ತಕ್ಷಣ ಒಪ್ಪಬೇಡಿ.

ನನ್ನ ಕಾರಿಗೆ ಇಲ್ಲೇ ಗೋವಾದಲ್ಲಿ ಪೂರ್ತಿ ಮೀಟರ್ ಸೆಟ್ ಬದಲಿಸಿಕೊಟ್ಟರು. ಅದಾದ ಮೇಲೆ ಊರಿಗೆ ಹೊರಟವರು ಮೊಲೆಂ ದಾಟಿ ಅನಮೋಡ ಘಾಟ್ ಹತ್ತುವಾಗ ಕಾರು ನಿಂತೇ ಹೋಯಿತು. ಹೊಸ ಮುಳ್ಳು ಕಾಲು ಟ್ಯಾಂಕ್ ಇದೆ ಅನ್ನುತ್ತಿತ್ತು. ಸುತ್ತ ಕಾಡು, ಫೋನಿಗೆ ಸಿಗ್ನಲ್ ಇಲ್ಲ. ಸಿಕ್ಕ ಬಸ್ ಹತ್ತಿ ಪೆಟ್ರೋಲ್ ತರುವಷ್ಟರಲ್ಲಿ ಕತ್ತಲಾಗಿತ್ತು.

ಧಾರವಾಡದಲ್ಲಿ ಮೆಕ್ಯಾನಿಕ್ ಒಬ್ಬರು ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಫ್ಲೋಟ್ ಹೊರಗೆ ತೆಗೆದರು. ಮನೆಯ ನೀರಿನ ಟ್ಯಾಂಕಿನ ಬಾಲ್ ಇರುತ್ತದಲ್ಲ, ಹಾಗೇ ಅದು ಪೆಟ್ರೋಲ್ ಮೇಲೆ ತೇಲುತ್ತದೆ. ಅದರ ಕಡ್ಡಿಯ ಇನ್ನೊಂದು ತುದಿ ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಉಜ್ಜಿಕೊಂಡು ಸರಿಯುತ್ತದೆ. ಎಷ್ಟು ಸರಿಯಿತೋ ಅಷ್ಟು ಓಮ್, ಅಂದರೆ ಆ ತಡೆಯ ಅಳತೆ, ಬದಲಾಗುತ್ತದೆ, ಮುಳ್ಳು ಅದನ್ನೇ ತೋರಿಸುತ್ತದೆ. ವರ್ಷಗಟ್ಟಲೆ ಉಜ್ಜಿ ಪಟ್ಟಿ ಸವೆಯುತ್ತದೆ, ಅರ್ಥ್ ವೈರಿಗೆ ತುಕ್ಕು ಹಿಡಿಯುತ್ತದೆ. ನನ್ನದರಲ್ಲಿ ಕಡ್ಡಿಯೇ ಕಾಲು ಟ್ಯಾಂಕಿನ ಹತ್ತಿರ ಸಿಕ್ಕಿಕೊಳ್ಳುತ್ತಿತ್ತು. ಫ್ಲೋಟನ್ನು ಕೈಯಲ್ಲಿ ಎತ್ತಿ ಇಳಿಸಿ, ಓಮ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದರೆ ಸಾಕು. ಓಮ್ ಒಂದೇ ಸಮ ಏರಿಳಿಯಬೇಕು. ನಡುವೆ ಹಾರಿದರೆ, ನಿಂತರೆ ದೋಷ ಅಲ್ಲೇ.

ಹಳೆ ಗ್ಯಾರೇಜಿಗೆ ಫೋನ್ ಮಾಡಿದೆ. "ನಾವು ಹಾಕಿದ ಮೀಟರ್ ಸರಿಯಾಗಿಯೇ ಇದೆಯಲ್ವಾ?" ಅಂದರು! ಸರಿಯಾಗೇ ಇತ್ತು, ಹಳೆಯದೂ ಸರಿಯಾಗೇ ಇತ್ತು.

ರಿಸರ್ವ್ ಲೈಟ್ ಇದೆಯಲ್ಲ ಅನ್ನಬೇಡಿ. ಎಷ್ಟೋ ಕಾರುಗಳಲ್ಲಿ ಅದೂ ಇದೇ ಫ್ಲೋಟಿನ ಮಾತು ಕೇಳುತ್ತದೆ. ಫ್ಲೋಟ್ ಸಿಕ್ಕಿಕೊಂಡರೆ ಲೈಟೂ ಹತ್ತುವುದಿಲ್ಲ. ಇನ್ನೆಷ್ಟು ಕಿಲೋಮೀಟರ್ ಓಡುತ್ತದೆ ಅಂತ ತೋರಿಸುವ ಅಂಕಿ ಈವರೆಗಿನ ಮೈಲೇಜಿನ ಮೇಲೆ ಹಾಕಿದ ಲೆಕ್ಕ. ಫೋಂಡಾವರೆಗಿನ ರಸ್ತೆಯ ಲೆಕ್ಕ ಘಾಟಿನಲ್ಲಿ ನಡೆಯುವುದಿಲ್ಲ.

ಏರಿನಲ್ಲಿ ಮುಳ್ಳು ಸ್ವಲ್ಪ ಅತ್ತಿತ್ತ ಆದರೆ ಗಾಬರಿ ಬೇಡ. ಪೆಟ್ರೋಲ್ ಹಿಂದಕ್ಕೆ ಹರಿದಿರುತ್ತದೆ, ಅಷ್ಟೇ. ಸಮತಟ್ಟಿನಲ್ಲೂ ಅಲ್ಲಾಡದೆ ನಿಂತಿದ್ದರೆ ಮಾತ್ರ ಅನುಮಾನ ಪಡಿ. ರಿಪೇರಿ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, ಅದರ ಲೆಕ್ಕದಲ್ಲೇ ಓಡಿಸಿ. ಅಕಸ್ಮಾತ್ ಖಾಲಿಯಾಗಿ ನಿಂತರೆ ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಈಗಿನ ಕಾರುಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಇರುತ್ತದೆ, ಅದನ್ನು ತಂಪಾಗಿಡುವುದು ಪೆಟ್ರೋಲೇ. ಒಣಗಿ ತಿರುಗಿದರೆ ಅದರ ಖರ್ಚು ಬೇರೆ.