ಸೀಟು ಇಳಿಸಿದರೆ ಸೈಕಲ್ ಚಿಕ್ಕದಾಗುವುದಿಲ್ಲ

ಮೊದಲ ಸಲ 200 ಕಿಲೋಮೀಟರಿನ ಬ್ರೆವೆಗೆ, ಅಂದರೆ ಗೊತ್ತಾದ ಅವಧಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟು ಸೈಕಲ್ ಕೊಳ್ಳಲು ಹೊರಟಿದ್ದೀರಾ? ಅಂಗಡಿಗೆ ಹೋಗುವ ಮೊದಲು ಇದನ್ನು ಓದಿಬಿಡಿ. ನಾನೂ ಹೆಸರು ಕೊಟ್ಟೆ, ಹಣ ಕಟ್ಟಿದೆ, ಮೂರು ತಿಂಗಳು ಬೆಳಗಿನ ಜಾವದ ನಿದ್ದೆ ಬಿಟ್ಟೆ. ಬ್ರೆವೆಯ ದಿನ ಮಾತ್ರ ಮೈಸೂರಿನ ನಮ್ಮ ಮನೆಯ ಜಗಲಿಯ ಮೇಲೆ ಮಂಡಿಗೆ ಐಸ್ ಇಟ್ಟುಕೊಂಡು ಕುಳಿತಿದ್ದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಬ್ರೆವೆ ಎಂದರೆ ಪಂದ್ಯವಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಸಿಗುವ ಮರ್ಯಾದೆ ಒಂದೇ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷದ ಅವಧಿ ಇರುತ್ತದೆ. ಊಟ, ಪಂಕ್ಚರ್, ದಾರಿಯ ತಪಾಸಣೆ ಜಾಗವಾದ ಕಂಟ್ರೋಲ್‌ನಲ್ಲಿ ಕಾರ್ಡಿಗೆ ಮುದ್ರೆ ಹಾಕಿಸುವುದು ಎಲ್ಲವೂ ಅದರೊಳಗೇ ಮುಗಿಯಬೇಕು. ಗಂಟೆಗೆ 20 ಕಿಲೋಮೀಟರ್ ತುಳಿದರೂ ಮೂರೂವರೆ ಗಂಟೆ ಉಳಿಯುತ್ತದೆ. ಅಂದರೆ ಇಲ್ಲಿ ಕಾಲಿನ ವೇಗಕ್ಕಿಂತ, ಹತ್ತು ಹನ್ನೆರಡು ಗಂಟೆ ಅದೇ ಸೀಟಿನ ಮೇಲೆ ಕೂರಲು ಮೈ ಒಪ್ಪುತ್ತದೆಯೇ ಎಂಬುದೇ ಮುಖ್ಯ. ಈ ಲೆಕ್ಕ ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ದೀಪಾವಳಿಯ ರಿಯಾಯಿತಿ ನೋಡಿ ಅಂಗಡಿಗೆ ಹೋದೆ. ನನ್ನ ಎತ್ತರ 5 ಅಡಿ 5 ಅಂಗುಲ. ನಾನು ಮೆಚ್ಚಿದ ಸೈಕಲ್ ದೊಡ್ಡ ಸೈಜಿನಲ್ಲಿ ಒಂದೇ ಒಂದು ಉಳಿದಿತ್ತು. “ದೂರದ ದಾರಿಗೆ ದೊಡ್ಡ ಫ್ರೇಮೇ ಒಳ್ಳೆಯದು ಸಾರ್, ಸೀಟು ಇಳಿಸಿಕೊಟ್ಟರೆ ನಿಮಗೆ ಸರಿಹೋಗುತ್ತದೆ” ಎಂದ ಅಂಗಡಿಯವನು, ಸೀಟನ್ನು ತಳಕ್ಕೆ ಇಳಿಸಿಯೂ ಕೊಟ್ಟ. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ತಾಗಿದವು. ಎಷ್ಟು ಭದ್ರವಾಗಿದೆ ಎಂದು ಹಿಗ್ಗಿದೆ. ಆರು ಸಾವಿರ ಉಳಿಯಿತು ಎಂದು ಮನೆಯವಳಿಗೂ ಹೇಳಿಕೊಂಡೆ. ಆ ಆರು ಸಾವಿರ ಎಲ್ಲಿಗೆ ಹೋಯಿತು ಎಂದು ಅವಳು ಈಗಲೂ ಕೇಳುತ್ತಾಳೆ.

ಸೀಟು ಇಳಿಸಿದರೆ ಎತ್ತರ ಕಡಿಮೆಯಾಗುತ್ತದೆ, ಉದ್ದ ಕಡಿಮೆಯಾಗುವುದಿಲ್ಲ. ಹ್ಯಾಂಡಲ್ ಇದ್ದಲ್ಲೇ ದೂರದಲ್ಲಿ ಇರುತ್ತದೆ. ಅದನ್ನು ಹಿಡಿಯಲು ನಾನು ಮುಂದಕ್ಕೆ ಚಾಚಿಕೊಳ್ಳಬೇಕಿತ್ತು, ಮೈಭಾರವೆಲ್ಲ ಅಂಗೈಯ ಮೇಲೆ ಬೀಳುತ್ತಿತ್ತು. ರಿಂಗ್ ರಸ್ತೆಯಲ್ಲಿ ಮೊದಲ ವಾರಗಳಲ್ಲಿ ಏನೂ ತಿಳಿಯಲಿಲ್ಲ. ಐದನೇ ವಾರ ನಂಜನಗೂಡಿಗೆ ಹೋಗಿ ಬಂದ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ, ಬಲಗೈಯ ಕಿರುಬೆರಳು ಮತ್ತು ಉಂಗುರ ಬೆರಳು ನನ್ನವೇ ಅಲ್ಲವೇನೋ ಎನ್ನಿಸಿತು. ಮೊಸರನ್ನದ ತುತ್ತು ಆ ಕಡೆಯಿಂದ ಜಾರಿ ಮತ್ತೆ ತಟ್ಟೆಗೇ ಬೀಳುತ್ತಿತ್ತು. ಅಂಗಿಯ ಗುಂಡಿ ಹಾಕಲು ಎಡಗೈಯ ಸಹಾಯ ಬೇಕಾಯಿತು. ಅಂಗೈಯ ಹೊರ ಅಂಚಿನಲ್ಲಿ ಹಾಯುವ ನರ ಹ್ಯಾಂಡಲ್ಲಿಗೆ ಒತ್ತಿ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಆಗ ನಾನು ಮಾಡಿದ್ದು ದಪ್ಪ ಕೈಗವಸು ಕೊಂಡದ್ದು.

ಮಂಡಿಯ ಕಥೆ ಇನ್ನೂ ದಡ್ಡತನದ್ದು. ಸೀಟು ತಗ್ಗಾಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ವಿಪರೀತ ಮಡಚಿಕೊಳ್ಳುತ್ತದೆ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಸಾಲದ್ದಕ್ಕೆ ನಾನು ಯಾವಾಗಲೂ ಭಾರದ ಗೇರ್‌ನಲ್ಲಿ, ಗಾಣದ ಎತ್ತಿನಂತೆ ನಿಧಾನವಾಗಿ ಒತ್ತಿ ತುಳಿಯುತ್ತಿದ್ದೆ. ಹಗುರ ಗೇರ್ ಹಾಕುವುದು ಹೇಡಿತನ ಎಂದುಕೊಂಡಿದ್ದೆ. ನಿಮಿಷಕ್ಕೆ ಎಂಬತ್ತರ ಆಸುಪಾಸು ಸುತ್ತು ಬರುವಂತೆ ಹಗುರವಾಗಿ ತುಳಿದರೆ ಮಂಡಿ ಉಳಿಯುತ್ತದೆ. ನನ್ನದು ಐವತ್ತು ದಾಟಿದ್ದೇ ಅಪರೂಪ. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಸುತ್ತ ಚುಚ್ಚತೊಡಗಿತು. ಜೊತೆಗೆ ತುಳಿಯುವ ಒಬ್ಬ ಹಿರಿಯರು “ಇದು ಹೊಸಬರ ನೋವು, ತುಳಿದೇ ಕಳೆಯಬೇಕು” ಎಂದರು. ಅವರ ಮೇಲೆ ಸಿಟ್ಟಿಲ್ಲ. ಅವರ ಸೈಕಲ್ ಅವರ ಅಳತೆಯದು.

ಬ್ರೆವೆಗೆ ಇನ್ನು ಹದಿನೈದು ದಿನ. ಅದುವರೆಗೆ ನಾನು ತುಳಿದ ಅತಿ ದೂರ ನಂಜನಗೂಡಿನ ಹೋಗಿಬರುವ ದಾರಿ, ಸುಮಾರು 50 ಕಿಲೋಮೀಟರ್. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ದೂರ ಹೆಚ್ಚಿಸಿ ಎಂಬ ಮಾತು ಕೇಳಿದ್ದೆ. ಸಮಯವಿಲ್ಲ ಎಂದು ಗುಂಡ್ಲುಪೇಟೆಗೆ ಹೊರಟುಬಿಟ್ಟೆ. ಹೋಗಿ ಬಂದರೆ 120. ಹೊರಡುವ ಮೊದಲು ಔಷಧಿ ಅಂಗಡಿಯಿಂದ ತಂದ ನೋವಿನ ಮಾತ್ರೆ ಒಂದು, ಗುಂಡ್ಲುಪೇಟೆಯಲ್ಲಿ ಇನ್ನೊಂದು. ಮಾತ್ರೆ ನೋವನ್ನು ಮುಚ್ಚಿತು, ಮಂಡಿಯನ್ನಲ್ಲ. ಹಿಂದಿರುಗುವಾಗ ಬೇಗೂರಿನ ಹತ್ತಿರ ಒಂದು ಸಣ್ಣ ಏರು. ಎದ್ದು ನಿಂತು ತುಳಿಯಲು ಹೋದೆ, ಬಲಗಾಲು ಕೆಳಗಿಳಿಯಲೇ ಇಲ್ಲ. ಹೆದ್ದಾರಿಯ ಪಕ್ಕದ ಹುಣಸೆಮರಕ್ಕೆ ಸೈಕಲ್ ಒರಗಿಸಿ, ಕಾಲು ಚಾಚಿ ಕುಳಿತು, ಒಂದೂವರೆ ಗಂಟೆ ಲಾರಿಗಳನ್ನು ಎಣಿಸಿದೆ. ಕೊನೆಗೆ ಬಾಳೆಗೊನೆ ತುಂಬಿದ ಗೂಡ್ಸ್ ಆಟೊದವನೊಬ್ಬ ಸೈಕಲನ್ನು ಗೊನೆಗಳ ಮೇಲೆ ಮಲಗಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ದಾರಿಯುದ್ದಕ್ಕೂ ಅವನ ಚಿಂತೆ ನನ್ನ ಕಾಲಿನದಲ್ಲ, ಪೆಡಲ್ ತಾಗಿ ಕಾಯಿ ಕಪ್ಪಾಗುತ್ತದೆ ಎಂಬುದು. ನ್ಯಾಯವೇ.

ವೈದ್ಯರು ಮಾತ್ರೆಯ ಸುದ್ದಿ ಕೇಳಿ ಬೈದರು. ಬೆವರಿ ನೀರು ಆರಿದ ಮೈಗೆ ಅಂಥ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಎಂದರು. ಆಮೇಲೆ ಕಂಡ ಫಿಸಿಯೊಥೆರಪಿಸ್ಟ್ ಮಂಡಿಯನ್ನು ಎರಡು ನಿಮಿಷ ಒತ್ತಿ ನೋಡಿ “ನಾಳೆ ಸೈಕಲ್ ತೆಗೆದುಕೊಂಡು ಬನ್ನಿ” ಎಂದರು. ಮರುದಿನ ನನ್ನನ್ನು ಗೋಡೆಗೆ ಒರಗಿಸಿ ಸೀಟಿನ ಮೇಲೆ ಕೂರಿಸಿದರು. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ತುಸುವೇ ಬಾಗು ಉಳಿಯುತ್ತದೆ. ನನ್ನ ಕಾಲು ಕುರ್ಚಿಯಲ್ಲಿ ಕುಳಿತವನ ಕಾಲಿನಂತಿತ್ತು. ಅವರು ಸೀಟನ್ನು ನಾಲ್ಕು ಬೆರಳು ಏರಿಸಿದರು. ಈಗ ಕಾಲು ಸರಿಹೋಯಿತು, ಕೆಳಗೆ ಪಾದದ ತುದಿ ಮಾತ್ರ ನೆಲಕ್ಕೆ ತಾಗುತ್ತದೆ, ಅದೇ ಸರಿಯಂತೆ. ಕೈ ಮಾತ್ರ ಇನ್ನೂ ದೂರ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಬದಲಿಸಿ ಗಿಡ್ಡದನ್ನು ಹಾಕಿಸಿದೆ. ಸ್ವಲ್ಪ ಹತ್ತಿರ ಬಂತು, ಸ್ವಲ್ಪವೇ.

ಅಂಗಡಿಗೆ ಹೋಗಿ ಕೇಳಿದೆ. ವಾಪಸ್ ತೆಗೆದುಕೊಳ್ಳುವುದಾದರೆ ಅರ್ಧ ಬೆಲೆ ಎಂದರು. ಬ್ರೆವೆಗೆ ಕಟ್ಟಿದ ಹಣವೂ ವಾಪಸ್ಸಿಲ್ಲ. ಅದು ಮೊದಲೇ ಬರೆದಿತ್ತು, ಓದದ ತಪ್ಪು ನನ್ನದು.

ಹಾಗಾಗಿ ಕೊಳ್ಳುವ ಮೊದಲು ಅಂಗಡಿಯವರ ಮಾತಿಗೆ ತಲೆದೂಗದೆ ನಿಮ್ಮ ಎತ್ತರ, ಕಾಲಿನ ಒಳ ಅಳತೆ (ತೊಡೆಸಂದಿಯಿಂದ ನೆಲದವರೆಗೆ) ಹೇಳಿ ಸೈಜು ಕೇಳಿ. ನಿಮ್ಮ ಸೈಜು ಇಲ್ಲದಿದ್ದರೆ ಎಷ್ಟೇ ರಿಯಾಯಿತಿ ಇದ್ದರೂ ಬಿಟ್ಟುಬನ್ನಿ. ಅರ್ಧ ಗಂಟೆ ತುಳಿದು ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಬೆರಳು ಜುಮ್ಮೆಂದರೆ ಕೈಗವಸು ಕೊಳ್ಳಬೇಡಿ, ಸೈಕಲ್ಲಿನ ಅಳತೆ ನೋಡಿಸಿ.

ಮಂಡಿ ಈಗ ಸುಧಾರಿಸಿದೆ. ಕಿರುಬೆರಳ ತುದಿ ಚಳಿಗೆ ಇನ್ನೂ ಜುಮ್ಮೆನ್ನುತ್ತದೆ. ಸೈಕಲ್ ಮಾರಾಟಕ್ಕಿದೆ. ಕಳೆದ ವಾರ ನನ್ನಷ್ಟೇ ಎತ್ತರದ ಹುಡುಗನೊಬ್ಬ ಬಂದು, ಸೀಟು ಇಳಿಸಿದರೆ ಸಾಕು ಎಂದು ಮುಂಗಡ ಕೊಡಲು ಹೊರಟ. ಕಾಫಿ ಕುಡಿಸಿ ಕಳುಹಿಸಿದೆ. 5 ಅಡಿ 11 ಅಂಗುಲದವರು ಬರಲಿ ಎಂದು ಕಾಯುತ್ತಿದ್ದೇನೆ.